ರಕ್ತ, ಬೇರು, ಹೂವು, ಪಾಠ: ನಮ್ಮ ಜಿಲ್ಲೆಯಿಂದ ಹೋದದ್ದೇನು, ತಿರುಗಿ ಬಂದದ್ದೇನು?

ಚಾಮರಾಜನಗರ ಜಿಲ್ಲೆಯ ಕಾಡಂಚಿನ ಊರುಗಳಿಗೆ ಸಂಶೋಧಕರು ಬರುವುದು ಹೊಸದೇನಲ್ಲ. ಒಬ್ಬರು ಬಂದು ಬೆರಳು ಚುಚ್ಚಿ ರಕ್ತ ತೆಗೆದುಕೊಂಡು ಹೋಗುತ್ತಾರೆ. ಇನ್ನೊಬ್ಬರು ಬಂದು ಯಾವ ನೋವಿಗೆ ಯಾವ ಸೊಪ್ಪು ಅರೆಯುತ್ತೀರಿ ಎಂದು ಕೇಳಿ ಬರೆದುಕೊಳ್ಳುತ್ತಾರೆ. ಮತ್ತೊಬ್ಬರು ಶಾಲೆಗೆ ಬಂದು ಮಕ್ಕಳ ಕೈಲಿ ಫಾರಂ ತುಂಬಿಸಿಕೊಳ್ಳುತ್ತಾರೆ. ಮೂವರೂ ಚೆನ್ನಾಗಿಯೇ ಮಾತಾಡಿಸುತ್ತಾರೆ, ಟೀ ಕುಡಿಯುತ್ತಾರೆ, ಫೋಟೊ ತೆಗೆಯುತ್ತಾರೆ. ಅವರ ಜೀಪು ಹೋದ ಮೇಲೆ ಊರಲ್ಲಿ ಉಳಿಯುವ ಪ್ರಶ್ನೆ ಒಂದೇ: ಅದೆಲ್ಲಾ ಆಮೇಲೆ ಏನಾಯಿತು?

ಈ ಬರಹದಲ್ಲಿ ನಾವು ಆ ಪ್ರಶ್ನೆಯ ಜಾಡು ಹಿಡಿದು ಹೋಗುತ್ತಿದ್ದೇವೆ. ವೈದ್ಯಕೀಯ, ಔಷಧ ವಿಜ್ಞಾನ, ಶಿಕ್ಷಣ ಈ ಮೂರು ದಾರಿಯಲ್ಲಿ ನಮ್ಮ ಜಿಲ್ಲೆಯಿಂದ ಹೊರಗೆ ಹೋದದ್ದು ಏನು, ತಿರುಗಿ ಬಂದದ್ದು ಏನು ಎಂಬ ಲೆಕ್ಕ ಇದು.

ಊರು ಇಲ್ಲಿ, ವಿಶ್ವವಿದ್ಯಾಲಯ ಅಲ್ಲಿ

ಮೈಸೂರು ವಿಶ್ವವಿದ್ಯಾಲಯ ಶುರುವಾದದ್ದು 1916ರ ಜುಲೈ 27ರಂದು, ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ. ಬ್ರಿಟಿಷರ ನೇರ ಆಡಳಿತವಿಲ್ಲದ ನೆಲದಲ್ಲಿ ಹುಟ್ಟಿದ ಭಾರತದ ಮೊದಲ ವಿಶ್ವವಿದ್ಯಾಲಯ ಅದು. ಮೈಸೂರು ಮೆಡಿಕಲ್ ಕಾಲೇಜು 1924ರಲ್ಲಿ ಬೆಂಗಳೂರಿನಲ್ಲಿ ಆರಂಭವಾಗಿ 1930ರಲ್ಲಿ ಮೈಸೂರಿಗೆ ಬಂತು. 1950ರಲ್ಲಿ ಚೆಲುವಾಂಬ ಮಹಲಿನಲ್ಲಿ ಕೇಂದ್ರೀಯ ಆಹಾರ ಸಂಶೋಧನಾಲಯ, ಅಂದರೆ ನಾವೆಲ್ಲ ಸಿಎಫ್‌ಟಿಆರ್‌ಐ ಎಂದು ಕರೆಯುವ ಸಂಸ್ಥೆ ಬಂತು. 1973ರಲ್ಲಿ ಜೆಎಸ್‌ಎಸ್ ಫಾರ್ಮಸಿ ಕಾಲೇಜು ಬಂತು.

ಎಲ್ಲವೂ ಮೈಸೂರಿನಲ್ಲಿ. ಗುಂಡ್ಲುಪೇಟೆಯಿಂದ ಮೈಸೂರು ಸುಮಾರು 60 ಕಿಲೋಮೀಟರ್. ಚಾಮರಾಜನಗರದಿಂದಲೂ ಹೆಚ್ಚುಕಮ್ಮಿ ಅಷ್ಟೇ. ಬಸ್ಸಿನಲ್ಲಿ ಎರಡು ಗಂಟೆಯೊಳಗಿನ ಈ ದೂರವನ್ನು ದಾಟಲು ನಮ್ಮ ಕಡೆಯ ಮಕ್ಕಳಿಗೆ ಎರಡು ಮೂರು ತಲೆಮಾರು ಬೇಕಾಯಿತು.

ಚಾಮರಾಜನಗರ ಮೈಸೂರಿನಿಂದ ಬೇರೆಯಾಗಿ ಜಿಲ್ಲೆಯಾದದ್ದು 1997ರಲ್ಲಿ. ಸ್ವಂತ ಸರ್ಕಾರಿ ಮೆಡಿಕಲ್ ಕಾಲೇಜು ಬಂದದ್ದು 2016ರಲ್ಲಿ, ಯಡಪುರದ ಬಳಿ. ಮೈಸೂರು ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವಾಗಿದ್ದದ್ದು ಚಾಮರಾಜನಗರ ವಿಶ್ವವಿದ್ಯಾಲಯ ಆದದ್ದು 2023ರಲ್ಲಿ. ಅಂದರೆ ಇಪ್ಪತ್ತನೇ ಶತಮಾನ ಪೂರ್ತಿ ನಮ್ಮ ಜಿಲ್ಲೆ ಸಂಶೋಧನೆ ಮಾಡುವ ಜಾಗ ಆಗಿರಲಿಲ್ಲ. ಬೇರೆಯವರು ಬಂದು ಸಂಶೋಧನೆ ಮಾಡಿಕೊಂಡು ಹೋಗುವ ಜಾಗ ಆಗಿತ್ತು. ಮುಂದಿನದನ್ನೆಲ್ಲ ಓದುವಾಗ ಈ ವ್ಯತ್ಯಾಸ ನೆನಪಿರಲಿ.

ರಕ್ತದ ಕಥೆ

ಮೊದಲು ರಕ್ತದಿಂದ ಶುರು ಮಾಡೋಣ.

1910ರಲ್ಲಿ ಅಮೆರಿಕದ ಶಿಕಾಗೊದಲ್ಲಿ ಜೇಮ್ಸ್ ಹೆರಿಕ್ ಎಂಬ ವೈದ್ಯರು ಒಬ್ಬ ವಿದ್ಯಾರ್ಥಿಯ ರಕ್ತದ ಬಗ್ಗೆ ಬರೆದರು. ಆ ಹುಡುಗ ಗ್ರೆನಡಾ ಎಂಬ ಪುಟ್ಟ ದ್ವೀಪದಿಂದ ಹಲ್ಲಿನ ವೈದ್ಯಕೀಯ ಓದಲು ಬಂದಿದ್ದವನು. ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಅವನ ಕೆಂಪು ರಕ್ತಕಣಗಳು ದುಂಡಗಿರದೆ ಕುಡುಗೋಲಿನ ಹಾಗೆ ಬಾಗಿದ್ದವು. ಅದರಿಂದಲೇ ಕಾಯಿಲೆಗೆ ಸಿಕಲ್ ಸೆಲ್ ಎಂಬ ಹೆಸರು ಬಂತು. ಸಿಕಲ್ ಎಂದರೆ ಕುಡುಗೋಲು. ಇಂಥ ಕಣಗಳು ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಹಾಕಿಕೊಳ್ಳುತ್ತವೆ. ಆಗ ಕೈಕಾಲು, ಬೆನ್ನು, ಎದೆಯಲ್ಲಿ ತಡೆಯಲಾಗದ ನೋವು ಬರುತ್ತದೆ. ಬಾಗಿದ ಕಣ ಬೇಗ ಒಡೆದು ಹೋಗುವುದರಿಂದ ರಕ್ತ ಕಡಿಮೆಯಾಗುತ್ತದೆ, ಕಣ್ಣು ಹಳದಿಯಾಗುತ್ತದೆ, ಮಕ್ಕಳು ಪದೇ ಪದೇ ಜ್ವರ ಬೀಳುತ್ತಾರೆ.

ಆಫ್ರಿಕಾ ಮೂಲದ ಜನರಲ್ಲಿ ಮಾತ್ರ ಇದು ಇರುತ್ತದೆ ಎಂದು ಬಹಳ ಕಾಲ ನಂಬಿದ್ದರು. ಆ ನಂಬಿಕೆಯನ್ನು ಅಲುಗಿಸಿದ್ದು ನಮ್ಮ ಪಕ್ಕದ ಬೆಟ್ಟ. 1952ರಲ್ಲಿ ಲೇಮನ್ ಮತ್ತು ಕಟ್‌ಬುಷ್ ಎಂಬ ಬ್ರಿಟನ್ನಿನ ಇಬ್ಬರು ಸಂಶೋಧಕರು ನೀಲಗಿರಿಯ ಬುಡಕಟ್ಟು ಜನರ ರಕ್ತದಲ್ಲಿ ಇದೇ ಗುಣ ಇರುವುದನ್ನು ಪ್ರಕಟಿಸಿದರು. ಬಂಡೀಪುರದ ಕಾಡು ದಾಟಿದರೆ ನೀಲಗಿರಿ. ಆ ಕಾಡಿಗೆ ಗಡಿ ಎಳೆದದ್ದು ಸರ್ಕಾರಗಳು. ರಕ್ತಕ್ಕೆ ಆ ಗಡಿ ಗೊತ್ತಿರಲಿಲ್ಲ.

ಎರಡು ವರ್ಷದ ಬಳಿಕ, 1954ರಲ್ಲಿ, ಪೂರ್ವ ಆಫ್ರಿಕಾದಲ್ಲಿ ಕೆಲಸ ಮಾಡುತ್ತಿದ್ದ ಆಂಟನಿ ಆಲಿಸನ್ ಇದರ ಹಿಂದಿನ ಕಾರಣ ತೋರಿಸಿದರು. ತಂದೆ ಅಥವಾ ತಾಯಿ ಒಬ್ಬರಿಂದ ಮಾತ್ರ ಈ ಗುಣ ಬಂದವರಿಗೆ ಕಾಯಿಲೆ ಇರುವುದಿಲ್ಲ. ಅವರು ವಾಹಕರು ಅಷ್ಟೇ. ಅಂಥವರಿಗೆ ತೀವ್ರವಾದ ಮಲೇರಿಯಾದಿಂದ ಒಂದಿಷ್ಟು ರಕ್ಷಣೆ ಸಿಗುತ್ತದೆ. ಚಳಿಜ್ವರ ಕಾಡುತ್ತಿದ್ದ ಸೀಮೆಗಳಲ್ಲಿ ನೂರಾರು ತಲೆಮಾರು ಬದುಕಿದವರ ರಕ್ತದಲ್ಲಿ ಈ ಗುಣ ಉಳಿದುಕೊಂಡಿತು. ಆದ್ದರಿಂದ ಇದು ಯಾರ ಪಾಪದ ಫಲವೂ ಅಲ್ಲ, ಯಾರ ಶಾಪವೂ ಅಲ್ಲ. ಕಾಡಿನಲ್ಲಿ ಬದುಕಿ ಉಳಿದವರ ರಕ್ತದಲ್ಲಿ ಉಳಿದ ಗುರುತು.

ಸೋಲಿಗರಲ್ಲಿ ಈ ಕಾಯಿಲೆಯನ್ನು ಗುರುತಿಸಿ ಚಿಕಿತ್ಸೆಗೆ ನಿಂತವರಲ್ಲಿ ಡಾ. ಎಚ್. ಸುದರ್ಶನ್ ಮೊದಲಿಗರು. ಬೆಂಗಳೂರು ಮೆಡಿಕಲ್ ಕಾಲೇಜಿನಲ್ಲಿ ಓದಿ ಬಿಳಿಗಿರಿರಂಗನ ಬೆಟ್ಟಕ್ಕೆ ಬಂದ ಅವರು 1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಕಟ್ಟಿದರು. ಹಾವು ಕಡಿತ, ಕರಡಿ ದಾಳಿಗೆ ಮದ್ದು ಮಾಡುತ್ತಲೇ ಆಸ್ಪತ್ರೆ, ಶಾಲೆ ಬೆಳೆದವು. 1994ರಲ್ಲಿ ಅವರಿಗೂ ಕೇಂದ್ರಕ್ಕೂ ಸೇರಿ ರೈಟ್ ಲೈವ್‌ಲಿಹುಡ್ ಪ್ರಶಸ್ತಿ ಬಂತು. ರಕ್ತ ಪರೀಕ್ಷೆ ಮಾಡಿದವರು ಅದೇ ಬೆಟ್ಟದಲ್ಲಿ ಉಳಿದು ಮದ್ದನ್ನೂ ಕೊಟ್ಟರು ಎಂಬುದು ಇಲ್ಲಿ ಮುಖ್ಯ. ಪರೀಕ್ಷೆಗೂ ಮದ್ದಿಗೂ ನಡುವೆ ಅಂತರ ಬೀಳದಿದ್ದರೆ ಜನ ಕೈ ಚಾಚಲು ಹೆದರುವುದಿಲ್ಲ.

ದೇಶದ ಮಟ್ಟದಲ್ಲಿ ಸಿಕಲ್ ಸೆಲ್ ನಿರ್ಮೂಲನಾ ಅಭಿಯಾನ ಶುರುವಾದದ್ದು 2023ರ ಜುಲೈ 1ರಂದು. ಕರ್ನಾಟಕವೂ ಸೇರಿ 17 ರಾಜ್ಯಗಳಲ್ಲಿ, 40 ವರ್ಷದೊಳಗಿನ 7 ಕೋಟಿ ಜನರ ತಪಾಸಣೆ ಅದರ ಗುರಿ. 2047ರ ಹೊತ್ತಿಗೆ ಕಾಯಿಲೆಯನ್ನು ತೊಲಗಿಸಬೇಕು ಎಂಬುದು ಆಸೆ. ನೀಲಗಿರಿಯ ರಕ್ತದಲ್ಲಿ ಇದು ಕಂಡದ್ದು 1952ರಲ್ಲಿ, ಅಭಿಯಾನ ಬಂದದ್ದು 2023ರಲ್ಲಿ. ನಡುವೆ 71 ವರ್ಷ. ಗೊತ್ತಾಗುವುದಕ್ಕೂ ಮನೆ ಬಾಗಿಲಿಗೆ ಬರುವುದಕ್ಕೂ ನಡುವೆ ಇಷ್ಟು ಕಾಲ ಹಿಡಿಯಿತು.

ಈ ವಿಷಯದಲ್ಲಿ ಪ್ರತಿ ಮನೆಗೂ ಗೊತ್ತಿರಬೇಕಾದ ಲೆಕ್ಕ ಒಂದಿದೆ. ಗಂಡ ಹೆಂಡತಿ ಇಬ್ಬರೂ ವಾಹಕರಾದರೆ, ಪ್ರತಿ ಬಸುರಿನಲ್ಲೂ ಮಗುವಿಗೆ ಕಾಯಿಲೆ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು, ಮಗು ವಾಹಕ ಆಗುವ ಸಾಧ್ಯತೆ ನಾಲ್ಕರಲ್ಲಿ ಎರಡು, ಏನೂ ಇಲ್ಲದಿರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಇಬ್ಬರಲ್ಲಿ ಒಬ್ಬರು ಮಾತ್ರ ವಾಹಕರಾಗಿ ಇನ್ನೊಬ್ಬರಲ್ಲಿ ಈ ಗುಣ ಇಲ್ಲದಿದ್ದರೆ ಮಗುವಿಗೆ ಈ ಕಾಯಿಲೆ ಬರುವುದಿಲ್ಲ. ಹಾಗಾಗಿ ವಾಹಕಳೆಂದು ಗೊತ್ತಾದ ಹುಡುಗಿಯ ಮದುವೆ ಮುರಿಯುವುದರಲ್ಲಿ ಯಾವ ಅರ್ಥವೂ ಇಲ್ಲ. ಹುಡುಗನ ರಕ್ತವನ್ನೂ ಪರೀಕ್ಷೆ ಮಾಡಿಸುವುದರಲ್ಲಿ ಅರ್ಥವಿದೆ. ಕಾಯಿಲೆ ಇರುವವರಿಗೆ ಹೈಡ್ರಾಕ್ಸಿಯೂರಿಯಾ ಎಂಬ ಮಾತ್ರೆ ನೋವಿನ ಸರದಿಯನ್ನು ಕಡಿಮೆ ಮಾಡುತ್ತದೆ. ಅದನ್ನು ವೈದ್ಯರ ಕಣ್ಗಾವಲಿನಲ್ಲಿ, ಆಗಾಗ ರಕ್ತ ಪರೀಕ್ಷೆ ಮಾಡಿಸಿಕೊಂಡೇ ತೆಗೆದುಕೊಳ್ಳಬೇಕು.

ರಕ್ತದ ಕಥೆಗೆ ಇನ್ನೊಂದು ಮುಖವೂ ಇದೆ. ಅಮೆರಿಕದ ಗ್ರ್ಯಾಂಡ್ ಕ್ಯಾನಿಯನ್ ಕಣಿವೆಯಲ್ಲಿ ಹವಸುಪಾಯ್ ಎಂಬ ಚಿಕ್ಕ ಬುಡಕಟ್ಟು ಇದೆ. 1990ರಿಂದ ಅರಿಜೋನಾ ರಾಜ್ಯದ ವಿಶ್ವವಿದ್ಯಾಲಯವೊಂದರ ಸಂಶೋಧಕರು ಸಕ್ಕರೆ ಕಾಯಿಲೆಯ ಅಧ್ಯಯನಕ್ಕೆಂದು ಅವರ ರಕ್ತ ಪಡೆದರು. ಅದೇ ರಕ್ತವನ್ನು ಮಾನಸಿಕ ಕಾಯಿಲೆಯ ಬಗ್ಗೆ, ಅವರ ಪೂರ್ವಿಕರು ಎಲ್ಲಿಂದ ಬಂದರೆಂಬುದರ ಬಗ್ಗೆ ಕೂಡ ಬಳಸಿಕೊಂಡರು. ಜನರಿಗೆ ತಿಳಿದಾಗ ಕೋರ್ಟಿಗೆ ಹೋದರು. 2010ರಲ್ಲಿ ರಾಜಿಯಾಗಿ 41 ಜನರಿಗೆ 7 ಲಕ್ಷ ಡಾಲರ್ ಪರಿಹಾರ ಬಂತು, ಉಳಿದಿದ್ದ ರಕ್ತವನ್ನೂ ಹಿಂದಿರುಗಿಸಿದರು. ಆ ಜನ ಸಂಶೋಧನೆಯೇ ಬೇಡ ಎಂದಿರಲಿಲ್ಲ. ನಮ್ಮನ್ನು ಕೇಳದೆ ಮಾಡಬೇಡಿ ಎಂಬುದೇ ಅವರ ವಾದದ ತಿರುಳು.

ಮಂಗ ಸತ್ತಾಗ

ಗುಂಡ್ಲುಪೇಟೆ ಕಡೆಯವರಿಗೆ ನೆನಪಿರಬಹುದು, 2012ರ ಕೊನೆಯ ತಿಂಗಳುಗಳಲ್ಲಿ ಬಂಡೀಪುರದ ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದವು. ಆ ಕಾಡಿನಲ್ಲಿ ಕೆಲಸ ಮಾಡುತ್ತಿದ್ದ ಕೆಲವರಿಗೆ ಜ್ವರ ಬಂತು. ಮಾದರಿಗಳನ್ನು ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯಲ್ಲಿ ಪರೀಕ್ಷಿಸಿದಾಗ ಮನುಷ್ಯರಲ್ಲೂ, ಸತ್ತ ಮಂಗಗಳಲ್ಲೂ, ಉಣ್ಣೆಗಳಲ್ಲೂ ಕ್ಯಾಸನೂರು ಕಾಡಿನ ಕಾಯಿಲೆಯ ವೈರಾಣು ಸಿಕ್ಕಿತು. ಜನರ ಬಾಯಲ್ಲಿ ಇದು ಮಂಗನ ಕಾಯಿಲೆ.

ಈ ಕಾಯಿಲೆಗೆ ಹೆಸರು ಬಂದದ್ದು ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಿಂದ. 1957ರಲ್ಲಿ ಅಲ್ಲಿ ಮಂಗಗಳು ಸತ್ತು, ಜನ ಜ್ವರ ಬಿದ್ದಾಗ ಪುಣೆಯ ಆಗಿನ ವೈರಸ್ ಸಂಶೋಧನಾ ಕೇಂದ್ರದವರು ಬಂದು ಹೊಸ ವೈರಾಣುವೊಂದನ್ನು ಕಂಡುಹಿಡಿದರು. ಕಾಯಿಲೆ ಹರಡುವುದು ಉಣ್ಣೆ ಕಚ್ಚಿದಾಗ. ಆಮೇಲೆ ಐವತ್ತಕ್ಕೂ ಹೆಚ್ಚು ವರ್ಷ ಇದು ಶಿವಮೊಗ್ಗ, ಚಿಕ್ಕಮಗಳೂರು, ಉತ್ತರ ಕನ್ನಡ, ದಕ್ಷಿಣ ಕನ್ನಡ, ಉಡುಪಿಯ ಕಾಯಿಲೆ ಎಂದೇ ಎಲ್ಲರೂ ತಿಳಿದಿದ್ದರು. ಬಂಡೀಪುರದಲ್ಲಿ ಸಿಕ್ಕಿದ್ದು ಆ ತಿಳಿವಳಿಕೆಯನ್ನು ಬದಲಿಸಿತು. 2013ರಲ್ಲಿ ಅದು ವೈಜ್ಞಾನಿಕ ಪತ್ರಿಕೆಯಲ್ಲಿ ಪ್ರಕಟವಾಯಿತು. ಆಮೇಲೆ ನೀಲಗಿರಿಯಲ್ಲೂ ವಯನಾಡಿನಲ್ಲೂ ಅದೇ ವೈರಾಣು ಕಾಣಿಸಿತು. 2014-15ರಲ್ಲಿ ವಯನಾಡಿನಲ್ಲಿ ನೂರಕ್ಕೂ ಹೆಚ್ಚು ಜನರಿಗೆ ತಗುಲಿತು.

ಈ ಕಥೆಯಲ್ಲಿ ಪ್ರಯೋಗಾಲಯಕ್ಕಿಂತ ಮೊದಲು ಸುಳಿವು ಸಿಕ್ಕಿದ್ದು ಕಾಡಿನಲ್ಲಿ ನಡೆದಾಡುವವರ ಕಣ್ಣಿಗೆ. ಮಂಗ ಸತ್ತು ಬಿದ್ದಿದೆ ಎಂದು ಮೊದಲು ಕಾಣುವುದು ವಾಚರಿಗೆ, ದನ ಮೇಯಿಸುವವರಿಗೆ, ಸೌದೆಗೆ ಹೋದ ಹೆಂಗಸರಿಗೆ. ಮೊದಲು ಜ್ವರ ಬೀಳುವವರೂ ಅವರೇ. ಬರೆದ ವರದಿಯಲ್ಲಿ ಹೆಸರು ಬರುವುದು ಪ್ರಯೋಗಾಲಯದವರದು. ಅದರಲ್ಲಿ ತಪ್ಪಿಲ್ಲ, ಆ ಕೆಲಸವನ್ನು ಅವರೇ ಮಾಡಬೇಕು. ಆದರೆ ಕಾವಲಿಗೆ ನಿಂತ ಮೊದಲ ಕಣ್ಣು ಯಾರದೆಂಬುದನ್ನು ಇತಿಹಾಸ ಬರೆಯುವಾಗ ಬಿಡಬಾರದು.

ತಿರುಗಿ ಬಂದದ್ದೇನು? ಈ ಕಾಯಿಲೆಗೆ ಇದ್ದ ಹಳೆಯ ಲಸಿಕೆಯ ಬಲ ಸಾಲದು ಎಂದು ಗೊತ್ತಾಗಿ ಅದನ್ನು ಕೊಡುವುದು ನಿಂತಿದೆ. ಹೊಸ ಲಸಿಕೆಯ ಕೆಲಸ ನಡೆದಿದೆ. ಅಲ್ಲಿಯವರೆಗೆ ನಮಗಿರುವುದು ಎಚ್ಚರಿಕೆ ಮಾತ್ರ. ಸತ್ತ ಮಂಗವನ್ನು ಮುಟ್ಟಬಾರದು, ಕೂಡಲೇ ಅರಣ್ಯ ಇಲಾಖೆಗೂ ಆಶಾ ಕಾರ್ಯಕರ್ತೆಗೂ ತಿಳಿಸಬೇಕು. ಕಾಡಿಗೆ ಹೋಗುವಾಗ ಮೈ ಪೂರ್ತಿ ಮುಚ್ಚುವ ಬಟ್ಟೆ ಹಾಕಬೇಕು, ಆರೋಗ್ಯ ಇಲಾಖೆ ಕೊಡುವ ಉಣ್ಣೆ ತಡೆಯುವ ಎಣ್ಣೆ ಹಚ್ಚಿಕೊಳ್ಳಬೇಕು. ಬಂದ ಮೇಲೆ ಬಿಸಿನೀರಲ್ಲಿ ಸ್ನಾನ ಮಾಡಿ ಬಟ್ಟೆ ಒಗೆಯಬೇಕು. ಜ್ವರ ಬಂದರೆ ಕಾಡಿಗೆ ಹೋಗಿದ್ದೆ ಎಂಬುದನ್ನು ವೈದ್ಯರಿಗೆ ತಾನಾಗಿಯೇ ಹೇಳಬೇಕು.

ಬೇರಿನ ಕಥೆ

ಈಗ ಔಷಧ ವಿಜ್ಞಾನದ ಕಡೆ ಬರೋಣ.

ಮಾಗಳಿ ಬೇರಿನ ಉಪ್ಪಿನಕಾಯಿ ಗೊತ್ತಿಲ್ಲದವರು ನಮ್ಮ ಕಡೆ ಕಡಿಮೆ. ಕೆಲವರು ಮಾಕಳಿ ಬೇರು ಎನ್ನುತ್ತಾರೆ. ಬಂಡೆಯ ಸಂದಿನಲ್ಲಿ ಬೆಳೆಯುವ ಬಳ್ಳಿ, ನೆಲದೊಳಗೆ ದಪ್ಪ ಬೇರು, ಮೂಗಿಗೆ ಹಿಡಿದರೆ ಬಿಡದ ಪರಿಮಳ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಕಾಡಿನಿಂದ ತರುತ್ತಿದ್ದ ಕಿರು ಅರಣ್ಯ ಉತ್ಪನ್ನಗಳಲ್ಲಿ ಇದೂ ಒಂದು. ಆಯುರ್ವೇದದ ಮಾರುಕಟ್ಟೆಯಲ್ಲಿ ಸೊಗದೆ ಬೇರಿನ ಬದಲಿಗೆ ಇದನ್ನು ಬಳಸುವುದೂ ಉಂಟು.

ಮೈಸೂರಿನ ಸಿಎಫ್‌ಟಿಆರ್‌ಐ ಪ್ರಯೋಗಾಲಯದಲ್ಲಿ ಈ ಬೇರಿನ ಮೇಲೆ ವರ್ಷಗಟ್ಟಲೆ ಕೆಲಸ ನಡೆದಿದೆ. ಪರಿಮಳಕ್ಕೆ ಕಾರಣವಾದ ಅಂಶ ವೆನಿಲ್ಲಾದ ಪರಿಮಳದ ಹತ್ತಿರದ ನೆಂಟ ಎಂದು ಗುರುತಿಸಿದರು. ದಾಸ್ತಾನು ಮಾಡಿದ ಕಾಳಿಗೆ ಹುಳ ಬೀಳದಂತೆ ತಡೆಯುವ ಗುಣ ಅದಕ್ಕಿದೆ ಎಂದು ತೋರಿಸಿದರು. ದೇಹದ ಜೀವಕೋಶಗಳನ್ನು ಹಾಳಾಗದಂತೆ ಕಾಪಾಡಬಲ್ಲ ಅಂಶಗಳನ್ನು ಅದರಿಂದ ಬೇರ್ಪಡಿಸಿದರು. ಮಾಗಳಿ ಉಪ್ಪಿನಕಾಯಿ ವರ್ಷವಾದರೂ ಕೆಡುವುದಿಲ್ಲ ಎಂದು ನಮ್ಮ ಅಜ್ಜಿಯರು ಹೇಳುತ್ತಿದ್ದುದನ್ನು ಇದರ ಪಕ್ಕದಲ್ಲಿಟ್ಟು ನೋಡಿ.

ಇಲ್ಲಿ ಒಂದು ಮಾತು. ಒಂದು ಗಿಡದ ರಸ ಪ್ರಯೋಗಾಲಯದ ಗಾಜಿನ ತಟ್ಟೆಯಲ್ಲಿ, ಇಲ್ಲವೆ ಇಲಿಯ ಮೈಯಲ್ಲಿ ಒಳ್ಳೆಯ ಫಲ ಕೊಟ್ಟಿತು ಎಂದರೆ ಮನುಷ್ಯರಿಗೆ ಔಷಧಿ ಸಿದ್ಧವಾಯಿತು ಎಂದಲ್ಲ. ಎಷ್ಟು ಪ್ರಮಾಣ ಕೊಡಬೇಕು, ಲಿವರ್ ಕಿಡ್ನಿಗೆ ತೊಂದರೆ ಆಗುತ್ತದೆಯೇ, ಬಸುರಿಯರಿಗೆ ಕೊಡಬಹುದೇ, ನಿಜವಾದ ರೋಗಿಗಳ ಮೇಲೆ ಕೆಲಸ ಮಾಡುತ್ತದೆಯೇ ಎಂದು ಒಂದೊಂದೇ ಮೆಟ್ಟಿಲು ಹತ್ತಬೇಕು. ಹೆಚ್ಚಿನ ಗಿಡಗಳು ಮೊದಲ ಮೆಟ್ಟಿಲಲ್ಲೇ ನಿಲ್ಲುತ್ತವೆ. ವಾಟ್ಸಾಪಿನಲ್ಲಿ ಈ ಬೇರು ಕ್ಯಾನ್ಸರ್ ಗುಣಪಡಿಸುತ್ತದೆ ಎಂದು ಬಂದರೆ ಈ ಮೆಟ್ಟಿಲುಗಳನ್ನು ನೆನಪಿಸಿಕೊಳ್ಳಿ.

ಬೇರಿನ ಕಥೆಯಲ್ಲಿ ಒಂದು ನಷ್ಟವೂ ಇದೆ. ಹಣ್ಣು ಕಿತ್ತರೆ ಮರ ಉಳಿಯುತ್ತದೆ. ಬೇರನ್ನೇ ಪೂರ್ತಿ ಅಗೆದು ತೆಗೆದರೆ ಬಳ್ಳಿಯೇ ಹೋಗುತ್ತದೆ. ಬೇಡಿಕೆ ಹೆಚ್ಚಿದಂತೆ ಕಾಡಿನ ಮಾಗಳಿ ಅಪರೂಪವಾಗಿ, ಇಂದು ಅದು ಅಳಿವಿನಂಚಿನ ಸಸ್ಯಗಳ ಪಟ್ಟಿಯಲ್ಲಿದೆ.

ಗಿಡದ ಗುಟ್ಟು ಹೇಳಿದವರಿಗೆ ಪಾಲು ಸಿಗಬಹುದೇ? ಸಿಕ್ಕಿದ ಉದಾಹರಣೆ ಪಕ್ಕದ ಕೇರಳದಲ್ಲಿದೆ. 1987ರಲ್ಲಿ ಅಗಸ್ತ್ಯ ಬೆಟ್ಟದಲ್ಲಿ ಸಂಶೋಧಕರಿಗೆ ದಾರಿ ತೋರಿಸುತ್ತಿದ್ದ ಕಾಣಿ ಬುಡಕಟ್ಟಿನವರು ಆಯಾಸವಿಲ್ಲದೆ ನಡೆಯುತ್ತಿದ್ದರು. ನಡುನಡುವೆ ಒಂದು ಕಾಯಿ ತಿನ್ನುತ್ತಿದ್ದರು. ಅದು ಆರೋಗ್ಯಪಚ್ಚ ಎಂಬ ಗಿಡ. ತಿರುವನಂತಪುರದ ಉಷ್ಣವಲಯ ಸಸ್ಯೋದ್ಯಾನ ಸಂಸ್ಥೆ ಅದರಿಂದ ಜೀವನಿ ಎಂಬ ಔಷಧಿ ತಯಾರಿಸಿ, 1995ರಲ್ಲಿ ಕೊಯಮತ್ತೂರಿನ ಆರ್ಯ ವೈದ್ಯ ಫಾರ್ಮಸಿಗೆ 10 ಲಕ್ಷ ರೂಪಾಯಿ ಮತ್ತು ಮಾರಾಟದ ಮೇಲೆ 2 ಶೇಕಡಾ ರಾಯಧನಕ್ಕೆ ಕೊಟ್ಟಿತು. ಬಂದದ್ದರಲ್ಲಿ ಅರ್ಧ ಕಾಣಿ ಜನರಿಗೆ ಎಂದಾಯಿತು. ಹಣ ಇಡಲು ಅವರದೇ ಟ್ರಸ್ಟ್ 1997ರಲ್ಲಿ ನೋಂದಣಿಯಾಯಿತು. ಎಲ್ಲವೂ ಸುಗಮವಾಗಲಿಲ್ಲ. ನಮ್ಮನ್ನು ಕೇಳಲಿಲ್ಲ ಎಂದು ಬೇರೆ ಕಡೆಯ ಕಾಣಿಗಳು ಬೇಸರಪಟ್ಟರು. ಕಾಡಿನಿಂದ ಎಲೆ ತರುವುದಕ್ಕೆ ಅರಣ್ಯ ಇಲಾಖೆಯ ಅಡ್ಡಿ ಬಂತು. ಆದರೂ ಗೊತ್ತಿದ್ದವರಿಗೆ ಪಾಲು ಎಂಬ ಮಾತನ್ನು ಮಾಡಿ ತೋರಿಸಿದ ಮೊದಮೊದಲ ಪ್ರಯತ್ನಗಳಲ್ಲಿ ಅದೂ ಒಂದು.

ಆಮೇಲೆ 2002ರಲ್ಲಿ ಜೀವವೈವಿಧ್ಯ ಕಾಯ್ದೆ ಬಂತು. ಅದರ ಪ್ರಕಾರ ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಊರಿನ ಗಿಡಮರ, ಬೀಜ, ನಾಟಿ ಮದ್ದಿನ ತಿಳಿವಳಿಕೆ ದಾಖಲಾದ ಜನತಾ ಜೀವವೈವಿಧ್ಯ ದಾಖಲಾತಿ ಇರಬೇಕು. 2023ರ ತಿದ್ದುಪಡಿ ಆಯುಷ್ ವೈದ್ಯರಿಗೂ, ಗ್ರಂಥಗಳಲ್ಲಿ ಈಗಾಗಲೇ ಬರೆದಿಟ್ಟ ತಿಳಿವಳಿಕೆಯನ್ನು ಬಳಸುವವರಿಗೂ ಹಲವು ವಿನಾಯಿತಿ ಕೊಟ್ಟಿದೆ. ಹಾಗಾಗಿ ಬಾಯಿಂದ ಬಾಯಿಗೆ ಬಂದ ತಿಳಿವಳಿಕೆ ಊರಿನ ಹೆಸರಲ್ಲಿ ದಾಖಲಾಗುವುದು ಮೊದಲಿಗಿಂತ ಈಗ ಮುಖ್ಯ. ನಿಮ್ಮ ಪಂಚಾಯಿತಿಯಲ್ಲಿ ಆ ಪುಸ್ತಕ ಇದೆಯೇ, ಅದರಲ್ಲಿ ನಿಮ್ಮ ಊರಿನ ನಾಟಿ ವೈದ್ಯರ ಮಾತು ಸೇರಿದೆಯೇ ಎಂದು ಒಮ್ಮೆ ಕೇಳಿ ನೋಡಿ.

ಚೆಂಡು ಹೂವು ಮತ್ತು ಕಣ್ಣಿನ ಗುಳಿಗೆ

ಗುಂಡ್ಲುಪೇಟೆಯಿಂದ ಊಟಿ, ವಯನಾಡು ರಸ್ತೆಯಲ್ಲಿ ಮುಂಗಾರಿನ ದಿನಗಳಲ್ಲಿ ಹೋದವರಿಗೆ ಕಣ್ಣು ಹಾಯಿಸಿದಷ್ಟು ದೂರ ಚೆಂಡು ಹೂ ಕಾಣುತ್ತದೆ. ಪ್ರವಾಸಿಗರು ಕಾರು ನಿಲ್ಲಿಸಿ ಫೋಟೊ ತೆಗೆಸಿಕೊಳ್ಳುತ್ತಾರೆ. ಅದರಲ್ಲಿ ಬಹುಪಾಲು ಪೂಜೆಗೂ ಅಲ್ಲ, ಮಾಲೆಗೂ ಅಲ್ಲ, ಕಾರ್ಖಾನೆಗೆ ಹೋಗುವ ಹೂ. ಒಣಗಿಸಿ, ಪುಡಿ ಮಾಡಿ, ಅದರಿಂದ ಬಣ್ಣದ ಸಾರ ತೆಗೆಯುತ್ತಾರೆ. ಕೋಳಿಯ ಮೇವಿಗೆ ಸೇರಿಸಿದರೆ ಮೊಟ್ಟೆಯ ಹಳದಿ ಗಾಢವಾಗುತ್ತದೆ. ಅದೇ ಸಾರದಿಂದ ಬೇರ್ಪಡಿಸಿದ ಲ್ಯೂಟೀನ್ ಕಣ್ಣಿನ ಗುಳಿಗೆಗೆ ಹೋಗುತ್ತದೆ.

ಈ ಗುಳಿಗೆಯ ಹಿಂದೆ ದೊಡ್ಡ ಸಂಶೋಧನೆ ಇದೆ. ವಯಸ್ಸಾದವರ ಕಣ್ಣಿನ ಪರದೆಯ ನಡುಭಾಗ ಹಾಳಾಗುವ ಕಾಯಿಲೆಯ ಬಗ್ಗೆ ಅಮೆರಿಕದ ರಾಷ್ಟ್ರೀಯ ನೇತ್ರ ಸಂಸ್ಥೆ 1992ರಲ್ಲಿ ಅಧ್ಯಯನ ಶುರು ಮಾಡಿ 2001ರಲ್ಲಿ ಒಂದು ವಿಟಮಿನ್ ಮಿಶ್ರಣವನ್ನು ಸೂಚಿಸಿತು. ಅದರಲ್ಲಿದ್ದ ಬೀಟಾ ಕೆರೋಟಿನ್ ಬೀಡಿ ಸಿಗರೇಟು ಸೇದುವವರಿಗೆ ಶ್ವಾಸಕೋಶದ ಕ್ಯಾನ್ಸರ್ ಅಪಾಯ ಹೆಚ್ಚಿಸುತ್ತಿತ್ತು. 2013ರ ಎರಡನೇ ಅಧ್ಯಯನದ ನಂತರ ಅದರ ಜಾಗಕ್ಕೆ ಲ್ಯೂಟೀನ್ ಮತ್ತು ಅದರ ಜೊತೆಗಾರ ಝಿಯಾಕ್ಸಾಂಥಿನ್ ಬಂದವು. ಇದು ಆ ಕಾಯಿಲೆ ಮಧ್ಯಮ ಹಂತ ತಲುಪಿದವರಿಗೆ ಕಾಯಿಲೆ ಇನ್ನೂ ಬೆಳೆಯುವುದನ್ನು ನಿಧಾನ ಮಾಡುವ ಮಿಶ್ರಣ. ಹೋದ ಕಣ್ಣನ್ನು ತಂದುಕೊಡುವುದಿಲ್ಲ, ಪೊರೆಯನ್ನು ಕರಗಿಸುವುದಿಲ್ಲ. ಆರೋಗ್ಯವಾಗಿರುವವರಿಗೆ ಸೊಪ್ಪು, ಮೆಕ್ಕೆಜೋಳ, ಮೊಟ್ಟೆಯಲ್ಲೇ ಲ್ಯೂಟೀನ್ ಇದೆ.

ಹೂವು ಹೊಲದಿಂದ ಲಾರಿ ಹತ್ತುವಾಗ ಕಿಲೋ ಲೆಕ್ಕ. ಗುಳಿಗೆಯಾಗಿ ಡಬ್ಬಿಯಲ್ಲಿ ಕೂತಾಗ ಮಿಲಿಗ್ರಾಂ ಲೆಕ್ಕ. ಈ ಎರಡು ಲೆಕ್ಕಗಳ ನಡುವೆ ಒಣಗಿಸುವುದು, ಸಾರ ತೆಗೆಯುವುದು, ಶುದ್ಧ ಮಾಡುವುದು, ಗುಣಮಟ್ಟ ಪರೀಕ್ಷೆ ಎಲ್ಲ ಬರುತ್ತವೆ. ಅದು ಪೂರ್ತಿ ಔಷಧ ವಿಜ್ಞಾನದ ಕೆಲಸ. ಆ ಕೆಲಸವನ್ನು ಕಲಿತ ನಮ್ಮ ಜಿಲ್ಲೆಯ ಹುಡುಗ ಹುಡುಗಿಯರು ಹೆಚ್ಚಾದಷ್ಟೂ ಹೂವಿನ ಬೆಲೆಯ ಮಾತುಕತೆಯಲ್ಲಿ ರೈತರಿಗೆ ಒಂದು ಹಿಡಿತ ಸಿಗುತ್ತದೆ.

ಪಾಠ ಕಲಿಸುವವರು ಯಾರು, ಕಲಿಯುವವರು ಯಾರು

ಕೊನೆಗೆ ಶಿಕ್ಷಣ. 2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ 75.36 ಶೇಕಡಾ, ನಮ್ಮ ಜಿಲ್ಲೆಯದು 61.43. ಈ ಅಂಕಿ ಹಿಡಿದು ನಮ್ಮನ್ನು ಹಿಂದುಳಿದವರು ಎನ್ನುವುದು ಸುಲಭ. ಆದರೆ ಅಕ್ಷರ ಬಾರದವರಿಗೆ ತಿಳಿವಳಿಕೆಯೂ ಇಲ್ಲ ಎಂದುಕೊಂಡರೆ ಏನಾಗುತ್ತದೆ ಎಂಬುದಕ್ಕೆ ಬಿಳಿಗಿರಿರಂಗನ ಬೆಟ್ಟವೇ ಸಾಕ್ಷಿ.

ಸೋಲಿಗರು ಹಿಂದೆ ಬೇಸಿಗೆಯ ಆರಂಭದಲ್ಲಿ, ಹುಲ್ಲು ಪೂರ್ತಿ ಒಣಗುವ ಮೊದಲು, ನೆಲದ ತರಗಿಗೆ ಸಣ್ಣಗೆ ಬೆಂಕಿ ಇಡುತ್ತಿದ್ದರು. ಅದೇ ತರಗು ಬೆಂಕಿ. 1972ರ ವನ್ಯಜೀವಿ ಕಾಯ್ದೆ ಬಂದು, 1974ರಲ್ಲಿ ಬೆಟ್ಟ ಅಭಯಾರಣ್ಯವಾದ ಮೇಲೆ ಅದು ನಿಂತಿತು. ಆಮೇಲೆ ಲಾಂಟಾನ ಕಾಡನ್ನೆಲ್ಲ ಹಬ್ಬಿತು, ನೆಲ್ಲಿ ಮರಗಳ ಮೇಲೆ ಬದನಿಕೆ ಹೆಚ್ಚಾಯಿತು. ಬೆಂಕಿ ನಿಂತದ್ದೇ ಇದಕ್ಕೆ ಕಾರಣ ಎಂದು ಸೋಲಿಗ ಹಿರಿಯರು ಹೇಳುತ್ತಲೇ ಬಂದರು. ಬಹಳ ಕಾಲ ಅದನ್ನು ಅಜ್ಜನ ಮಾತು ಎಂದು ಬಿಟ್ಟಿದ್ದರು. 2010ರ ಆಸುಪಾಸಿನಲ್ಲಿ ಸಂಶೋಧಕರು ಅದನ್ನೇ ಗಂಭೀರವಾಗಿ ತೆಗೆದುಕೊಂಡು ಅಂತರರಾಷ್ಟ್ರೀಯ ಪತ್ರಿಕೆಗಳಲ್ಲಿ ಬರೆದರು. ಪಾಠ ಈ ಸಲ ಪೋಡಿನಿಂದ ವಿಶ್ವವಿದ್ಯಾಲಯಕ್ಕೆ ಹೋಯಿತು.

ಇನ್ನೊಂದು ಬದಲಾವಣೆಯೂ ಆಯಿತು. ಸೋಲಿಗ ಸಮುದಾಯದವರೇ ಆದ ಡಾ. ಸಿ. ಮಾದೇಗೌಡರು ಪಿಎಚ್‌ಡಿ ಪಡೆದು ತಮ್ಮ ಬೆಟ್ಟದ ಬಗ್ಗೆಯೇ ಸಂಶೋಧನೆ ಮಾಡಿದರು. ಸಮುದಾಯದವರೂ ಬೆಂಗಳೂರಿನ ಏಟ್ರೀ ಸಂಸ್ಥೆಯ ಸಂಶೋಧಕರೂ ಸೇರಿ ಸೋಲಿಗರ ಪೂಜೆಯ ತಾಣಗಳನ್ನು, ಎಲ್ಲೆಗಳನ್ನು ನಕ್ಷೆಯಲ್ಲಿ ಗುರುತಿಸಿದರು. ಈ ಕಾಡು ಹುಲಿ ಸಂರಕ್ಷಿತ ಪ್ರದೇಶವಾದ 2011ರಲ್ಲೇ ಅರಣ್ಯ ಹಕ್ಕು ಕಾಯ್ದೆಯಡಿ ಸೋಲಿಗರ ಸಮುದಾಯ ಹಕ್ಕುಗಳಿಗೆ ಮಾನ್ಯತೆ ಸಿಕ್ಕಿತು. ಹುಲಿ ಸಂರಕ್ಷಿತ ಪ್ರದೇಶದೊಳಗೆ ಹೀಗೆ ಹಕ್ಕು ಸಿಕ್ಕಿದ್ದು ದೇಶದಲ್ಲಿ ಅದೇ ಮೊದಲು. ತಮ್ಮ ಕಾಡಿನ ಕಥೆಯನ್ನು ತಾವೇ ಬರೆದು, ನಕ್ಷೆ ಹಿಡಿದು ಮಾತಾಡಬಲ್ಲವರ ಮಾತಿಗೆ ಕಚೇರಿಯಲ್ಲಿ ಬೇರೆ ತೂಕವಿರುತ್ತದೆ.

ಆದ್ದರಿಂದಲೇ ಚಾಮರಾಜನಗರದಲ್ಲಿ ಒಂದು ವಿಶ್ವವಿದ್ಯಾಲಯ ಇರುವುದು ಬರೀ ಕಟ್ಟಡದ, ಬೋರ್ಡಿನ ವಿಷಯವಲ್ಲ. ಹೊಸ ವಿಶ್ವವಿದ್ಯಾಲಯಗಳಲ್ಲಿ ಹಣವಿಲ್ಲ, ಬೋಧಕರಿಲ್ಲ, ಮುಚ್ಚಿ ಹಳೆಯದಕ್ಕೆ ಸೇರಿಸಿಬಿಡೋಣ ಎಂಬ ಮಾತು 2025ರಲ್ಲಿ ಸರ್ಕಾರದ ಮಟ್ಟದಲ್ಲೇ ಬಂತು. ನಮ್ಮದೂ ಆ ಪಟ್ಟಿಯಲ್ಲಿತ್ತು. ಹಣವಿಲ್ಲ, ಬೋಧಕರಿಲ್ಲ ಎಂಬುದು ಸುಳ್ಳಲ್ಲ. ಆದರೆ ಕೊರತೆಗೆ ಉತ್ತರ ಕೊರತೆ ತುಂಬುವುದು. ಮೈಸೂರಿನಲ್ಲಿ ರೂಮು ಬಾಡಿಗೆ ಕಟ್ಟಲಾಗದೆ ಡಿಗ್ರಿಗೇ ನಿಲ್ಲಿಸುವ ಹುಡುಗಿಗೆ, ಊರಿನಿಂದ ಬಸ್ಸಿನಲ್ಲಿ ಹೋಗಿ ಬರುವಷ್ಟು ದೂರದಲ್ಲಿ ಎಂಎ, ಎಂಎಸ್ಸಿ ಇದ್ದರೆ ಅವಳೇ ನಾಳೆ ನಮ್ಮ ಮಾಗಳಿ ಬೇರಿನ ಬಗ್ಗೆ, ನಮ್ಮ ರಕ್ತದ ಬಗ್ಗೆ ಬರೆಯುವವಳು.

ಜೀಪು ಬಂದಾಗ ಕೇಳಬೇಕಾದ್ದು

ಮನುಷ್ಯರ ಮೇಲಿನ ಸಂಶೋಧನೆಗೆ ದೇಶದಲ್ಲಿ ನಿಯಮಗಳಿವೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2017ರಲ್ಲಿ ಹೊರತಂದ ಮಾರ್ಗಸೂಚಿಯ ಪ್ರಕಾರ ಯಾರ ಮೇಲೆ ಸಂಶೋಧನೆ ನಡೆಯುತ್ತದೆಯೋ ಅವರಿಗೆ ಅರ್ಥವಾಗುವ ಭಾಷೆಯಲ್ಲಿ ಎಲ್ಲವನ್ನೂ ಹೇಳಿ ಒಪ್ಪಿಗೆ ಪಡೆಯಬೇಕು. ಒಪ್ಪಿದವರು ಯಾವಾಗ ಬೇಕಾದರೂ ಬೇಡ ಎನ್ನಬಹುದು. ಬೇಡ ಎಂದದ್ದಕ್ಕೆ ಆಸ್ಪತ್ರೆಯ ಚಿಕಿತ್ಸೆ ನಿಲ್ಲಿಸುವ ಹಾಗಿಲ್ಲ.

ಆದ್ದರಿಂದ ಮುಂದಿನ ಸಲ ನಿಮ್ಮೂರಿಗೆ ಯಾರಾದರೂ ಬಂದರೆ, ಮರ್ಯಾದೆಯಿಂದಲೇ ಇಷ್ಟು ಕೇಳಿ:

ನೀವು ಯಾವ ಕಾಲೇಜಿನವರು, ನಿಮ್ಮ ನೈತಿಕ ಸಮಿತಿಯ ಅನುಮತಿ ಪತ್ರ ಎಲ್ಲಿ?

ಈ ರಕ್ತ, ಈ ಬೇರು, ಈ ಮಾತು ಯಾವುದಕ್ಕೆ ಬಳಸುತ್ತೀರಿ? ಬೇರೆಯದಕ್ಕೆ ಬಳಸುವುದಾದರೆ ಮತ್ತೆ ಬಂದು ಕೇಳುತ್ತೀರಾ?

ನನ್ನ ಪರೀಕ್ಷೆಯ ಫಲಿತಾಂಶ ನನಗೆ ಯಾವಾಗ ಸಿಗುತ್ತದೆ? ಕಾಯಿಲೆ ಇದ್ದರೆ ಮದ್ದು ಎಲ್ಲಿ?

ಕೆಲಸ ಮುಗಿದ ಮೇಲೆ ಊರಿಗೆ ಬಂದು ಕನ್ನಡದಲ್ಲಿ ಹೇಳುತ್ತೀರಾ?

ಇಷ್ಟು ಕೇಳಿದರೆ ಒಳ್ಳೆಯ ಸಂಶೋಧಕರು ಬೇಸರ ಮಾಡಿಕೊಳ್ಳುವುದಿಲ್ಲ, ಸಂತೋಷದಿಂದ ಕೂತು ಉತ್ತರಿಸುತ್ತಾರೆ. ಸಂಶೋಧನೆ ಬೇಡ ಎಂದು ಬಾಗಿಲು ಹಾಕಿದರೆ ನಷ್ಟ ನಮಗೇ. ಕುಡುಗೋಲು ಕಣ ಕಂಡದ್ದೂ, ಮಂಗನ ಕಾಯಿಲೆ ಗೊತ್ತಾದದ್ದೂ ಯಾರೋ ಬಂದು ನೋಡಿದ್ದರಿಂದ, ಇಲ್ಲಿನವರು ಕೈ ಚಾಚಿದ್ದರಿಂದ.

ನಿಮ್ಮೂರಿಗೂ ಯಾರಾದರೂ ಬಂದು ಬರೆದುಕೊಂಡು ಹೋಗಿದ್ದರೆ, ಅದರ ಫಲ ತಿರುಗಿ ಬಂದಿದ್ದರೆ ಅಥವಾ ಬರದೇ ಇದ್ದರೆ, ನಮಗೆ ತಿಳಿಸಿ. ಈ ಲೆಕ್ಕದ ಪುಸ್ತಕದಲ್ಲಿ ಇನ್ನೂ ಬಹಳ ಹಾಳೆಗಳು ಖಾಲಿ ಇವೆ.